ಪೂರ್ಣಯ್ಯ, ಟಿಪ್ಪು, ಹೈದರ್ ಭಾವಚಿತ್ರಗಳು: ಅಂತರ್ಜಾಲದ ಯಾವ ಪ್ರತಿ ನಂಬಬಹುದು, ಪುಸ್ತಕದಲ್ಲಿ ಹಾಕಲು ಯಾರ ಅನುಮತಿ ಬೇಕು?

ಹಳೇಕಡತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೈದರನ ಕೊನೆಗಾಲದಿಂದ ಪೂರ್ಣಯ್ಯನವರ ದಿವಾನಗಿರಿಯವರೆಗಿನ ಮೈಸೂರಿನ ಬಗ್ಗೆ ಪುಸ್ತಕವೊಂದು ಅಚ್ಚಿಗೆ ಹೋಗಬೇಕಿದೆ. ಡೆಮಿ 1/8, ಸಾವಿರ ಪ್ರತಿ, ಬೆಲೆ ಇಟ್ಟು ಮಾರುವ ಪುಸ್ತಕ. ಒಳಪುಟಗಳು ಮ್ಯಾಪ್‌ಲಿಥೊ, ನಡುವೆ ಎಂಟು ಪುಟ ಆರ್ಟ್ ಪೇಪರಿನಲ್ಲಿ ಭಾವಚಿತ್ರಗಳು. ಪಟ್ಟಿಯಲ್ಲಿರುವುದು: ಥಾಮಸ್ ಹಿಕಿ ಬರೆದ ಪೂರ್ಣಯ್ಯನವರ ಚಿತ್ರ, ಟಿಪ್ಪುವಿನ ಸಮಕಾಲೀನ ಚಿತ್ರ ಒಂದು, ಹಿಕಿಯದೇ ಆದ ಮೂವರು ಅರಮನೆ ಸ್ತ್ರೀಯರ ಚಿತ್ರ, ಹೈದರ್ ಅಲಿಯ ಒಂದು ಕೆತ್ತನೆ.

ತೊಡಕು ಎರಡು. ಒಂದೇ ಚಿತ್ರ ನಾಲ್ಕು ತಾಣಗಳಲ್ಲಿ ನಾಲ್ಕು ಬಣ್ಣದಲ್ಲಿದೆ. ಒಂದರಲ್ಲಿ ಮುಖ ಹಳದಿ, ಇನ್ನೊಂದರಲ್ಲಿ ಕೆಂಪು, ಮತ್ತೊಂದರಲ್ಲಿ ಬಲಬದಿಯ ಅಂಚೇ ಇಲ್ಲ. ಎರಡನೆಯದು, ಇನ್ನೂರು ವರ್ಷ ಹಳೆಯ ಚಿತ್ರಕ್ಕೆ ಒಂದು ತಾಣ "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ" ಎಂದು ಹಾಕಿಕೊಂಡಿದ್ದರೆ, ಅದೇ ಚಿತ್ರವನ್ನು ಇನ್ನೊಂದು ತಾಣ ಪಬ್ಲಿಕ್ ಡೊಮೇನ್ (ಯಾರ ಹಕ್ಕೂ ಇಲ್ಲದ್ದು) ಎನ್ನುತ್ತಿದೆ. ಯಾವ ಪ್ರತಿ ತೆಗೆದುಕೊಳ್ಳಬೇಕು, ಯಾರಿಗಾದರೂ ದುಡ್ಡು ಕಟ್ಟಬೇಕೆ, ಚಿತ್ರದ ಕೆಳಗೆ ಏನು ಬರೆಯಬೇಕು? ಬಲ್ಲವರು ತಿಳಿಸಿ.

ಸೆಕ್ಷನ್22

ಹಕ್ಕಿನ ಗಂಟನ್ನು ಮೊದಲು ಬಿಡಿಸೋಣ. ಪರದೆಯ ಮೇಲಿನ ಒಂದು ಭಾವಚಿತ್ರದ ಹಿಂದೆ ಮೂವರಿದ್ದಾರೆ: ಬರೆದ ಕಲಾವಿದ, ಅದರ ಫೋಟೊ ತೆಗೆದವರು, ಆ ಫೋಟೊವನ್ನು ಷರತ್ತು ಹಾಕಿ ಕೊಡುತ್ತಿರುವ ಸಂಸ್ಥೆ. ಮೂರನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ಈ ಗೊಂದಲ ಯಾವತ್ತೂ ತೀರುವುದಿಲ್ಲ.

ಕಲಾವಿದನ ಮಟ್ಟದಲ್ಲಿ ನಿಮ್ಮ ಪಟ್ಟಿಗೆ ಏನೂ ಅಡ್ಡಿಯಿಲ್ಲ. ನಮ್ಮ 1957ರ ಕಾಪಿರೈಟ್ ಕಾಯಿದೆಯ ಸೆಕ್ಷನ್ 22ರ ಪ್ರಕಾರ ಹಕ್ಕು ಉಳಿಯುವುದು ಕಲಾವಿದ ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಆ 60ನ್ನು ತೀರಿಕೊಂಡ ಮರುವರ್ಷದ ಜನವರಿ 1ರಿಂದ ಎಣಿಸಬೇಕು. ಹಿಕಿ ಮದರಾಸಿನಲ್ಲಿ ತೀರಿಕೊಂಡದ್ದು 1824ರಲ್ಲಿ. ಹೆಸರು ಗೊತ್ತಿಲ್ಲದ ಮೈಸೂರು ಕಲಾವಿದರು 1790ರ ದಶಕದಲ್ಲಿ ಬರೆದದ್ದಕ್ಕೂ ಇದೇ ಉತ್ತರ.

ಜಗಳವೆಲ್ಲ ಎರಡನೆಯ ಮಟ್ಟದ್ದು. ಚಪ್ಪಟೆ ಚಿತ್ರವನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿದ ಫೋಟೊಗೆ ಹೊಸ ಕಾಪಿರೈಟ್ ಹುಟ್ಟುತ್ತದೆಯೇ? ಅಮೆರಿಕದಲ್ಲಿ 1999ರ ಬ್ರಿಡ್ಜ್‌ಮನ್–ಕೋರೆಲ್ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯ ಇಲ್ಲ ಎಂದಿತು. ನಕಲು ಎಷ್ಟು ನಿಖರವೋ ಅಷ್ಟೂ ಸ್ವಂತಿಕೆ ಕಡಿಮೆ ಎಂಬುದು ಅಲ್ಲಿನ ತರ್ಕ. ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸಿನಲ್ಲಿ ಹಳೆಯ ಚಿತ್ರಗಳಿಗೆ ಹಾಕುವ ಪಬ್ಲಿಕ್ ಡೊಮೇನ್ ಚೀಟಿಗೆ ಬುನಾದಿ ಇದೇ. ಬ್ರಿಟನ್ನಿನ ಸಂಸ್ಥೆಗಳು ಇದನ್ನು ಒಪ್ಪದೆ ಬಹುಕಾಲ ಹಟ ಹಿಡಿದವು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ತನ್ನ ತಾಣದಿಂದ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳು ಕಾಮನ್ಸಿಗೆ ಹೋದಾಗ, 2009ರಲ್ಲಿ, ವಕೀಲರ ಪತ್ರವನ್ನೇ ಕಳಿಸಿತ್ತು. ಐರೋಪ್ಯ ಒಕ್ಕೂಟ 2019ರ ನಿರ್ದೇಶನದ 14ನೇ ವಿಧಿಯಲ್ಲಿ, ಅವಧಿ ಮುಗಿದ ದೃಶ್ಯಕೃತಿಯ ನಕಲಿಗೆ ಅದೇ ಸ್ವಂತ ಬೌದ್ಧಿಕ ಸೃಷ್ಟಿಯಾಗಿದ್ದ ಹೊರತು ಹಕ್ಕಿಲ್ಲ ಎಂದು ಬರೆದುಬಿಟ್ಟಿತು. ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯವೂ 2023ರ ನವೆಂಬರಿನಲ್ಲಿ, ಟಿಎಚ್‌ಜೆ–ಶೆರಿಡನ್ ತೀರ್ಪಿನಲ್ಲಿ, ಬರಿಯ ಶ್ರಮ ಮತ್ತು ಕುಶಲತೆ ಸಾಲದು, ಸೃಜನಶೀಲ ಆಯ್ಕೆ ಇರಬೇಕು ಎಂದಿತು. ಆ ಮೊಕದ್ದಮೆ ಚಿತ್ರಕಲೆಯದ್ದಲ್ಲ, ಸಾಫ್ಟ್‌ವೇರಿನ ಪರದೆಯದ್ದು. ಆದರೆ ಅದರ ಅಳತೆಗೋಲು ಮ್ಯೂಸಿಯಂ ಫೋಟೊಗಳಿಗೂ ಹೊಂದುತ್ತದೆ.

ಮೂರನೆಯದು ಒಪ್ಪಂದ. ಮ್ಯೂಸಿಯಂ ತಾಣದಲ್ಲಿ "ಒಪ್ಪುತ್ತೇನೆ" ಒತ್ತಿ ಫೈಲ್ ಇಳಿಸಿಕೊಂಡರೆ, ಕಾಪಿರೈಟ್ ಇರಲಿ ಬಿಡಲಿ, ಆ ಷರತ್ತು ಒತ್ತಿದವರಿಗೆ ಅಂಟಿಕೊಳ್ಳುತ್ತದೆ. "ವಾಣಿಜ್ಯೇತರ ಬಳಕೆಗೆ ಮಾತ್ರ" ಎಂದಿದ್ದರೆ ಬೆಲೆ ಇಟ್ಟು ಮಾರುವ ಪುಸ್ತಕ ಅದರೊಳಗೆ ಬರುವುದಿಲ್ಲ. ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಎರಡರಲ್ಲೂ ಇಂಥ ವಿಭಾಗ ಇದೆ.

ಪೂರ್ಣಯ್ಯನವರ ಚಿತ್ರದ ಮಟ್ಟಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಮೂಲ ಇರುವುದು ಅಮೆರಿಕದ ನ್ಯೂ ಹೇವನ್ನಿನ ಯೇಲ್ ಸೆಂಟರ್ ಫಾರ್ ಬ್ರಿಟಿಷ್ ಆರ್ಟ್‌ನಲ್ಲಿ. ಯೇಲ್ 2011ರಿಂದಲೇ ಅವಧಿ ಮುಗಿದ ಕೃತಿಗಳ ದೊಡ್ಡ ಫೈಲುಗಳನ್ನು ಶುಲ್ಕವಿಲ್ಲದೆ ಬಿಟ್ಟಿದೆ. ನೇರ ಅಲ್ಲಿಂದ ತೆಗೆದುಕೊಳ್ಳಿ. ನಡುವಿನ ಬ್ಲಾಗು, ಸ್ಟಾಕ್ ಏಜೆನ್ಸಿ ಯಾವುದೂ ಬೇಡ. ಯೇಲ್ ಪುಕ್ಕಟೆ ಕೊಡುವ ಇಂಥ ಫೈಲನ್ನೇ ಏಜೆನ್ಸಿಗಳು ಬೆಲೆ ಕಟ್ಟಿ ಮಾರುವುದು ಮಾಮೂಲು.

ತಾಳೆನೋಟ

ಮೇಲಿನ ಉತ್ತರದಲ್ಲಿ ಭಾರತದ ಮಾತು ಜಾರಿಹೋಗಿದೆ. ಪುಸ್ತಕ ಅಚ್ಚಾಗುವುದು ಇಲ್ಲಿ, ಮಾರುವುದು ಇಲ್ಲಿ. ನಮ್ಮ ಕಾಯಿದೆಯ ಸೆಕ್ಷನ್ 2(ಸಿ) ಫೋಟೊವನ್ನು ಕಲಾಕೃತಿ ಎನ್ನುತ್ತದೆ, ಅದೂ "ಕಲಾಗುಣ ಇರಲಿ, ಇಲ್ಲದಿರಲಿ" ಎಂಬ ಮಾತು ಸೇರಿಸಿ. ಹಾಗಾದರೆ ಜಗನ್ಮೋಹನ ಅರಮನೆಯ ಚಿತ್ರವೊಂದರ ಫೋಟೊ ತೆಗೆದವರು ಇಲ್ಲಿ ಹಕ್ಕು ಕೇಳಬಹುದಲ್ಲ? ಅಮೆರಿಕದ ಜಿಲ್ಲಾ ನ್ಯಾಯಾಲಯದ ತೀರ್ಪು ಬೆಂಗಳೂರಿನ ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ.

ಸೆಕ್ಷನ್22

ಕೇಳಬಹುದು. ಗೆಲ್ಲುವುದು ಕಷ್ಟ. ಕಲಾಗುಣ ಬೇಕಿಲ್ಲ ಎಂದರೆ ಸ್ವಂತಿಕೆಯೂ ಬೇಕಿಲ್ಲ ಎಂದಾಗುವುದಿಲ್ಲ. ಸೆಕ್ಷನ್ 13 "ಮೂಲ" ಕೃತಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಮೂಲ ಎಂದರೆ ಏನೆಂಬುದನ್ನು ಸುಪ್ರೀಂ ಕೋರ್ಟ್ ಈಸ್ಟರ್ನ್ ಬುಕ್ ಕಂಪನಿ–ಮೋದಕ್ ಮೊಕದ್ದಮೆಯಲ್ಲಿ ಬಿಡಿಸಿ ಹೇಳಿದೆ: ಬೆವರು ಸುರಿಸಿದ್ದಷ್ಟೇ ಸಾಲದು, ಕುಶಲತೆಯ ಜೊತೆ ವಿವೇಚನೆ, ಒಂದಿಷ್ಟಾದರೂ ಸೃಜನಶೀಲತೆ ಬೇಕು. ಬೆಳಕು ಸಮ ಮಾಡಿ, ಕ್ಯಾಮೆರಾ ನೆಟ್ಟಗೆ ನಿಲ್ಲಿಸಿ, ಮೂಲಕ್ಕೆ ಏನೂ ಸೇರದಂತೆ ತೆಗೆದ ಫೋಟೊದಲ್ಲಿ ಅದು ಎಲ್ಲಿಂದ ಬಂತು? ಹಾಗಿದ್ದರೂ ಮ್ಯೂಸಿಯಂ ಪಡಿಯಚ್ಚಿನ ಬಗ್ಗೆಯೇ ಹೇಳುವ ಸುಪ್ರೀಂ ಕೋರ್ಟ್ ತೀರ್ಪು ನಮ್ಮಲ್ಲಿಲ್ಲ. ಅದಕ್ಕೇ ನನ್ನ ಸಲಹೆ, ವಾದ ಗೆಲ್ಲಲು ಹೋಗದೆ, ಹಕ್ಕನ್ನು ಬಿಟ್ಟುಕೊಟ್ಟಿರುವ ತಾಣದ ಫೈಲನ್ನೇ ಬಳಸಿ. ಅಂಥದ್ದು ಸಿಗದಾಗ ಮಾತ್ರ ಉಳಿದ ದಾರಿ. ಯಾರಾದರೂ ಆಧಾರವಿಲ್ಲದೆ ಮೊಕದ್ದಮೆ ಹೂಡುತ್ತೇವೆಂದು ಹೆದರಿಸಿದರೆ ಸೆಕ್ಷನ್ 60ರಲ್ಲಿ ನೀವೇ ದಾವೆ ಹೂಡಲೂ ಅವಕಾಶ ಇದೆ.

ಎರಡು ಕಡೆ ಮಾತ್ರ ಈ ಸಡಿಲಿಕೆ ನಡೆಯುವುದಿಲ್ಲ. ಚಿತ್ರದ ಚೌಕಟ್ಟು ಫೋಟೊದಲ್ಲಿ ಬಂದಿದ್ದರೆ ಅದು ಚಪ್ಪಟೆ ನಕಲಲ್ಲ. ಕೆತ್ತಿದ ಚೌಕಟ್ಟಿನ ಮೇಲೆ ಬೆಳಕು–ನೆರಳು ಬೀಳಿಸಿದ್ದು ಫೋಟೊಗ್ರಾಫರರ ಆಯ್ಕೆ. ಚೌಕಟ್ಟು ಕತ್ತರಿಸಿ ಒಳಗಿನದಷ್ಟೇ ಬಳಸಿ. ಇನ್ನು ಮೂರ್ತಿಗಳು. ತಿರುಮಲದಲ್ಲಿರುವ ಕೃಷ್ಣದೇವರಾಯ ಮತ್ತು ಇಬ್ಬರು ರಾಣಿಯರ ಲೋಹದ ಪ್ರತಿಮೆ 16ನೇ ಶತಮಾನದ್ದಾದರೂ, ಅದರ ಇಂದಿನ ಫೋಟೊ ಅದನ್ನು ತೆಗೆದವರ ಸ್ವತ್ತು. ಯಾವ ಕೋನ, ಎಂಥ ಬೆಳಕು ಎಂಬುದೆಲ್ಲ ಅವರ ತೀರ್ಮಾನ. ನಾಣ್ಯಕ್ಕೂ ಇದೇ ಲೆಕ್ಕ.

ಗಂಜಾಂ

ಕಾಪಿರೈಟ್ ತಪ್ಪಿದರೆ ಒಂದು ನೋಟಿಸು ಬಂದೀತು. ಚಿತ್ರದಲ್ಲಿರುವ ವ್ಯಕ್ತಿಯೇ ತಪ್ಪಿದರೆ ಸಾವಿರ ಪ್ರತಿಯಲ್ಲೂ ಉಳಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಅಪಾಯ ಇರುವುದು ಅಲ್ಲಿ.

ಹೈದರನಿಂದ ಶುರು ಮಾಡೋಣ. ಅಂತರ್ಜಾಲದಲ್ಲಿ ಅತಿ ಹೆಚ್ಚು ಓಡಾಡುವ ಹೈದರನಿಗೆ ಗಡ್ಡ ಇದೆ, ಪೇಟ ಇದೆ, ಒಳ್ಳೆಯ ಹುಬ್ಬೂ ಇದೆ. ಅವನನ್ನು ಕಂಡವರ ಬರಹಗಳು ಹೇಳುವುದು ಬೇರೆ: ಗಡ್ಡ, ಮೀಸೆಯಷ್ಟೇ ಅಲ್ಲ, ಹುಬ್ಬನ್ನೂ ತೆಗೆಸುತ್ತಿದ್ದ. ಯುರೋಪಿನ ಕೆತ್ತನೆಗಾರರಿಗೆ "ಪೂರ್ವದೇಶದ ದೊರೆ" ಎಂಬ ಒಂದು ಅಚ್ಚು ಸಿದ್ಧವಿತ್ತು, ಹೆಸರಷ್ಟೇ ಬದಲಾಗುತ್ತಿತ್ತು. ಒಂದು ಫ್ರೆಂಚ್ ಚಿತ್ರವಂತೂ ಅವನನ್ನು ಮರಾಠರ ಸೇನಾಪತಿ ಎಂದೇ ಕರೆದಿದೆ. ಗಡ್ಡದ ಹೈದರನನ್ನು ಹಾಕುವುದಾದರೆ "ಯುರೋಪಿನ ಕಲಾವಿದನ ಕಲ್ಪನೆ" ಎಂದು ಬರೆದು ಹಾಕಿ. ಇಲ್ಲವಾದರೆ ಬಿಟ್ಟುಬಿಡಿ. ಬಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಟಿಪ್ಪು. ಮೊದಲು ಕಸ ಗುಡಿಸುವ ಕೆಲಸ. "ಲಂಡನ್ನಿನಲ್ಲಿ ಸಿಕ್ಕ ಟಿಪ್ಪುವಿನ ನಿಜವಾದ ಫೋಟೊ" ಎಂದು ವಾಟ್ಸಾಪಿನಲ್ಲಿ ಬರುವುದು ಜಾಂಜಿಬಾರಿನ ದಂತ ಮತ್ತು ಗುಲಾಮರ ವ್ಯಾಪಾರಿ ಟಿಪ್ಪು ಟಿಪ್‌ನದು. ಅವನು ತೀರಿಕೊಂಡದ್ದು 1905ರಲ್ಲಿ. ನಮ್ಮ ಟಿಪ್ಪು ಸತ್ತದ್ದು 1799ರ ಮೇ 4ರಂದು. ಈಗ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ ಫ್ರಾನ್ಸಿನಲ್ಲಿ ನಿಯೆಪ್ಸ್ ತೆಗೆದದ್ದು, 1826–27ರದು. ಡಾಗೆರ್‌ನ ವಿಧಾನ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. 1839ಕ್ಕಿಂತ ಮುಂಚೆ ಸತ್ತವರ "ಫೋಟೊ" ಎಲ್ಲಿ ಕಂಡರೂ ಮುಂದೆ ನೋಡುವ ಅಗತ್ಯವೇ ಇಲ್ಲ.

ಎರಡನೆಯದು, "ಯೋಹಾನ್ ಝೊಫನಿ, 1780" ಎಂಬ ಶೀರ್ಷಿಕೆಯ ಟಿಪ್ಪು. ನೂರಾರು ತಾಣಗಳಲ್ಲಿ, ಕೆಲವು ಪಠ್ಯಪುಸ್ತಕಗಳ ಮಟ್ಟಕ್ಕೂ ಇಳಿದುಬಂದ ಶೀರ್ಷಿಕೆ ಇದು. ಝೊಫನಿ ಭಾರತಕ್ಕೆ ಬಂದದ್ದೇ 1783ರಲ್ಲಿ, ಮರಳಿದ್ದು 1789ರಲ್ಲಿ, ಕೆಲಸ ಮಾಡಿದ್ದು ಮುಖ್ಯವಾಗಿ ಕಲ್ಕತ್ತ ಮತ್ತು ಲಖನೌದಲ್ಲಿ. 1780ರಲ್ಲಿ ಶ್ರೀರಂಗಪಟ್ಟಣದಲ್ಲಿ ಕೂತು ಅವನು ಬರೆಯುವುದು ಸಾಧ್ಯವಿಲ್ಲ. ಹೆಸರು ತಪ್ಪು ಅಥವಾ ಇಸವಿ ತಪ್ಪು, ಎರಡೂ ತಪ್ಪಿರಲೂಬಹುದು. ಆ ಶೀರ್ಷಿಕೆಯನ್ನು ಹಾಗೇ ಎತ್ತಿಕೊಳ್ಳಬೇಡಿ.

ಸಾವಿನ ದೃಶ್ಯದ ದೊಡ್ಡ ಚಿತ್ರಗಳಿಂದ ಮುಖ ಕತ್ತರಿಸಿ "ಟಿಪ್ಪು ಭಾವಚಿತ್ರ" ಮಾಡುವುದೂ ಇದೆ. ಹೆನ್ರಿ ಸಿಂಗಲ್ಟನ್ ಭಾರತ ನೋಡಿದವನಲ್ಲ. ಡೇವಿಡ್ ವಿಲ್ಕಿ ತನ್ನ ಚಿತ್ರ ಮುಗಿಸಿದ್ದು 1839ರಲ್ಲಿ, ಘಟನೆ ನಡೆದು 40 ವರ್ಷದ ಮೇಲೆ. ಅವು ಬ್ರಿಟನ್ನಿನವರು ಆ ಗೆಲುವನ್ನು ಹೇಗೆ ಕಂಡರು ಎನ್ನುವುದಕ್ಕೆ ದಾಖಲೆ, ಮುಖಕ್ಕೆ ಅಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಸಮಕಾಲೀನ ಎಂದು ಹಾಕುವಾಗಲೂ ಒಂದು ಸಾಲು ಸೇರಿಸಿ. 1784ರ ಹೊತ್ತಿಗೆ ಆದ ಕೆಲಸ ಅದು. 1792ರ ಮುತ್ತಿಗೆಗೆ ಮುಂಚೆ ಸುಣ್ಣ ಬಳಿಸಲಾಯಿತು, 1799ರ ನಂತರ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ, ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಬಿತ್ತು. ಈಗ ಕಾಣುವ ಮುಖದಲ್ಲಿ 18ನೇ ಶತಮಾನದ ಗೆರೆ ಎಷ್ಟು, 19ರದ್ದು ಎಷ್ಟು ಎಂದು ಫೋಟೊ ನೋಡಿ ಹೇಳಲಾಗುವುದಿಲ್ಲ.

ಹಾಗಾದರೆ ಯಾವುದು? ಬ್ರಿಟಿಷ್ ಲೈಬ್ರರಿಯಲ್ಲಿರುವ, ಹೆಸರು ತಿಳಿಯದ ಮೈಸೂರು ಕಲಾವಿದ ಬರೆದ, ಸುಮಾರು 1790–1800ರ ಚಿತ್ರ. ಇಲ್ಲವೇ ಜಿ. ಎಫ್. ಚೆರಿಯ ಹೆಸರಿನ 1792ರ ಚಿತ್ರ. ಚೆರಿ ಕಾರ್ನ್‌ವಾಲಿಸನ ಪರ್ಷಿಯನ್ ಕಾರ್ಯದರ್ಶಿ, ಆ ವರ್ಷದ ಸಂಧಾನದ ಹೊತ್ತಿಗೆ ಅಲ್ಲೇ ಇದ್ದವನು. ಎರಡರಲ್ಲೂ ಗಡ್ಡವಿಲ್ಲ, ತೆಳು ಮೀಸೆ, ತುಂಬಿದ ಕೆನ್ನೆ. 1800ರಲ್ಲಿ ಅಚ್ಚಾದ, ಬ್ರಿಟಿಷ್ ಸೇನಾಧಿಕಾರಿ ಬೀಟ್ಸನ್ನನ ಪುಸ್ತಕದಲ್ಲಿರುವ ಮಾತಿನ ವರ್ಣನೆಗೂ, ಅಂದರೆ ಗಿಡ್ಡ ಕುತ್ತಿಗೆ, ತುಸು ಸ್ಥೂಲ ಮೈ, ಸಣ್ಣ ಕೈಕಾಲು, ಸುಮಾರು 5 ಅಡಿ 8 ಅಂಗುಲ ಎತ್ತರ, ಇವು ಹೊಂದುತ್ತವೆ. ಕ್ಯಾಲೆಂಡರಿನ ಹುರಿಗಟ್ಟಿದ ಟಿಪ್ಪು ಹೊಂದುವುದಿಲ್ಲ.

ಮೂವರು ಸ್ತ್ರೀಯರ ಚಿತ್ರದಲ್ಲಿ ಕಲಾವಿದನ ಬಗ್ಗೆ ತಕರಾರಿಲ್ಲ, ಹಿಕಿಯದೇ, ಸುಮಾರು 1805. ತಕರಾರಿರುವುದು ಅವರು ಯಾರು ಎಂಬುದರಲ್ಲಿ. ಮೊದಲು ನರ್ತಕಿಯರು ಎಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರು, ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಮನೆಯವರು, ಬಲಗಡೆಯಾಕೆ ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಗುರುತಿಸಿದರು. ಇದನ್ನು ಒಪ್ಪದವರೂ ಇದ್ದಾರೆ. ಆದ್ದರಿಂದ "ಮೈಸೂರಿನ ರಾಣಿಯರು" ಎಂದು ಅಚ್ಚೊತ್ತದೆ "ರಾಣಿಯರೆಂದು ಗುರುತಿಸಲಾಗಿರುವ" ಎಂದು ಬರೆಯಿರಿ. 2007ರಲ್ಲಿ ಸೋದಬೀಸ್ ಹರಾಜಿಗೆ ಬಂದ ಕೃತಿ ಅದು. ಮ್ಯೂಸಿಯಂ ಫೈಲ್ ಹುಡುಕುತ್ತಾ ಕೂರಬೇಡಿ.

ಬಣ್ಣದಪಟ್ಟಿ

ಒಂದೇ ಚಿತ್ರ ನಾಲ್ಕು ಬಣ್ಣದಲ್ಲಿ ಕಾಣುವುದಕ್ಕೆ ಕಾರಣಗಳು ಹಲವು, ಒಂದಕ್ಕೊಂದು ಸಂಬಂಧವಿಲ್ಲದವು. ಮೂಲದ ಮೇಲಿನ ವಾರ್ನಿಶ್ ವಯಸ್ಸಿಗೆ ಹಳದಿಯಾಗಿರುತ್ತದೆ; ಶುಚಿ ಮಾಡುವ ಮುಂಚಿನ ಫೋಟೊ, ನಂತರದ ಫೋಟೊ ಎರಡೂ ಚಲಾವಣೆಯಲ್ಲಿರುತ್ತವೆ. ಒಂದು ಪ್ರತಿ ಹಳೆಯ ಪುಸ್ತಕದಿಂದ ಸ್ಕ್ಯಾನ್ ಆಗಿರುತ್ತದೆ. ಇನ್ನೊಂದನ್ನು ಯಾರೋ "ಆಟೋ ಕಲರ್" ಒತ್ತಿ ಚಂದ ಮಾಡಿರುತ್ತಾರೆ. ಮತ್ತೊಂದರಲ್ಲಿ ಬಣ್ಣದ ಪ್ರೊಫೈಲ್ (ಫೈಲಿನ ಅಂಕಿಗಳು ಯಾವ ಬಣ್ಣವೆಂದು ಹೇಳುವ ಚೀಟಿ) ಕಳೆದುಹೋಗಿರುತ್ತದೆ: ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಫೈಲು ಪ್ರೊಫೈಲ್ ಕಳಚಿಕೊಂಡು, ಸಾಮಾನ್ಯ ಪರದೆಗಳ ಎಸ್‌ಆರ್‌ಜಿಬಿ ಎಂದು ತೆರೆದುಕೊಂಡರೆ ಮುಖದ ಕೆಂಪು ಸತ್ತು ಬೂದಿ ಬಡಿದಂತಾಗುತ್ತದೆ. ತದ್ವಿರುದ್ಧವಾದರೆ ಪೇಟ ಉರಿಯುವ ಕೆಂಪು.

ಯಾವುದು ಮೂಲಕ್ಕೆ ಹತ್ತಿರ ಎಂದು ಕಣ್ಣಳತೆಯಲ್ಲಿ ಆರಿಸಬೇಡಿ, ಚಂದ ಕಂಡದ್ದೇ ಗೆಲ್ಲುತ್ತದೆ. ಮ್ಯೂಸಿಯಂ ಕೊಡುವ ಟಿಫ್ ಫೈಲಿನ ಅಂಚಿನಲ್ಲಿ ಕೆಲವು ಸಲ ಬಣ್ಣದ ಚೌಕಗಳ ಪಟ್ಟಿ ಇರುತ್ತದೆ. ಇದ್ದರೆ ಅದೇ ಸಾಕ್ಷಿ. 24 ಚೌಕಗಳ ಕಲರ್‌ಚೆಕರಿನ ಕೊನೆಯ ಸಾಲಿನ ಬಿಳಿಯಿಂದ ಕಪ್ಪಿನವರೆಗಿನ ಆರು ಚೌಕಗಳು ಎಸ್‌ಆರ್‌ಜಿಬಿಯಲ್ಲಿ ಸುಮಾರು 243, 200, 160, 122, 85, 52 ಬರಬೇಕು, ಮತ್ತು ಪ್ರತಿ ಚೌಕದಲ್ಲೂ ಕೆಂಪು, ಹಸಿರು, ನೀಲಿ ಹೆಚ್ಚುಕಡಿಮೆ ಒಂದೇ ಇರಬೇಕು. ನೀಲಿ ಮಾತ್ರ ಹತ್ತು ಹದಿನೈದು ಅಂಕ ಕೆಳಗಿದ್ದರೆ ಆ ಹಳದಿ ಫೋಟೊದ್ದು. ಬೂದು ಚೌಕಗಳು ಸರಿಯಿದ್ದು ಮುಖ ಮಾತ್ರ ಹಳದಿಯಾಗಿದ್ದರೆ ಅದು ವಾರ್ನಿಶ್‌ನದು, ಮುಟ್ಟಬೇಡಿ. ಪಟ್ಟಿ ಇಲ್ಲದಿದ್ದರೆ, ಮೂಲ ಯಾರ ವಶದಲ್ಲಿದೆಯೋ ಅವರ ಫೈಲೇ ಪ್ರಮಾಣ.

ಅಂಚು ಹೋಗಿದೆಯೇ ಎಂದು ತಿಳಿಯುವುದು ಸುಲಭದ ಲೆಕ್ಕ. ಮ್ಯೂಸಿಯಂ ಪುಟದಲ್ಲಿ ಸೆಂಟಿಮೀಟರ್ ಅಳತೆ ಇರುತ್ತದೆ. ಆ ಕಾಲದ ಬ್ರಿಟಿಷ್ ಭಾವಚಿತ್ರಗಳ ಕ್ಯಾನ್‌ವಾಸು ಸಿದ್ಧ ಅಳತೆಗಳಲ್ಲಿ ಸಿಗುತ್ತಿತ್ತು, 30×25, 36×28, 50×40 ಅಂಗುಲ ಹೀಗೆ. 50×40 ಎಂದರೆ ಎತ್ತರ ಅಗಲದ 1.25 ಪಟ್ಟು. ನಿಮ್ಮ ಫೈಲು 1200 ಪಿಕ್ಸೆಲ್ ಅಗಲ, 1400 ಎತ್ತರ ಇದ್ದರೆ, 1500 ಇರಬೇಕಾದದ್ದರಲ್ಲಿ 100 ಪಿಕ್ಸೆಲ್ ಕಾಣೆ. ಮೇಲೋ ಕೆಳಗೋ ಕತ್ತರಿಸಿದ್ದಾರೆ, ಇಲ್ಲವೇ ಪುಟಕ್ಕೆ ಕೂರಿಸಲು ಹಿಸುಕಿದ್ದಾರೆ. ಹಿಸುಕಿದ್ದು ಹೆಚ್ಚು ಕೆಟ್ಟದ್ದು, ಮುಖವೇ ಅಗಲವಾಗಿಬಿಡುತ್ತದೆ.

ಕನ್ನಡಿ ಪ್ರತಿಯನ್ನೂ ಪರೀಕ್ಷಿಸಿ. ತಾಮ್ರದ ತಗಡಿನ ಮೇಲೆ ಚಿತ್ರವನ್ನು ಕಂಡಂತೆಯೇ ಕೊರೆದರೆ ಕಾಗದದ ಮೇಲೆ ಎಡಬಲ ಅದಲುಬದಲಾಗುತ್ತದೆ. ಜಾಗರೂಕ ಕೆತ್ತನೆಗಾರ ಮೊದಲೇ ತಿರುಗಿಸಿಕೊಳ್ಳುತ್ತಿದ್ದ, ಅವಸರದವನು ಇಲ್ಲ. ಕತ್ತಿ ಸಾಮಾನ್ಯವಾಗಿ ಎಡಸೊಂಟದಲ್ಲಿರಬೇಕು. ಜಾಮಾದ (ಉದ್ದ ನಿಲುವಂಗಿಯ) ಕಟ್ಟು ಮುಸ್ಲಿಮರಿಗೆ ಬಲಗಡೆ, ಹಿಂದೂಗಳಿಗೆ ಎಡಗಡೆ ಬರುವುದು ಆ ಕಾಲದ ರೂಢಿ. ಎರಡೂ ತಲೆಕೆಳಗಾಗಿದ್ದರೆ ಚಿತ್ರ ತಿರುಗಿದೆ ಎಂದು ಅನುಮಾನಿಸಿ, ಆದರೆ ಕೆತ್ತನೆಯನ್ನು ನೀವು ಮರಳಿ ತಿರುಗಿಸಬೇಡಿ. ಅದು ಅಚ್ಚಾದದ್ದೇ ಹಾಗೆ.

ಹಳೇಕಡತ

ಬಹಳ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಹೈದರನನ್ನು ಕೈಬಿಡುತ್ತೇವೆ. ಇನ್ನೆರಡು ಸಂದೇಹ. ಟಿಪ್ಪುವಿನ ಚಿತ್ರಕ್ಕೆ ಸಿಕ್ಕಿರುವ ಫೈಲು 700 ಪಿಕ್ಸೆಲ್ ಅಗಲ ಮಾತ್ರ. ಡಿಟಿಪಿಯವರು ಎಐ ಬಳಸಿ ನಾಲ್ಕು ಪಟ್ಟು ದೊಡ್ಡದು ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ, ಸರಿಯೇ? ಎರಡನೆಯದು, ಹಿನ್ನೆಲೆಗಾಗಿ ಕೆಂಪೇಗೌಡ ಮತ್ತು ಕಿತ್ತೂರು ಚೆನ್ನಮ್ಮನವರ ಚಿತ್ರವನ್ನೂ ಒಂದು ಪುಟದಲ್ಲಿ ಹಾಕೋಣ ಎಂಬ ಒತ್ತಾಯ ಪ್ರಕಾಶಕರದು.

ಬಣ್ಣದಪಟ್ಟಿ

ಎಐ ಹಿಗ್ಗಿಸುವಿಕೆ ಖಂಡಿತ ಬೇಡ. ಅದು ಇರುವ ಮಾಹಿತಿಯನ್ನು ದೊಡ್ಡದು ಮಾಡುವುದಿಲ್ಲ, ಇಲ್ಲದ ಮಾಹಿತಿಯನ್ನು ತಾನು ಕಂಡ ಸಾವಿರಾರು ಮುಖಗಳಿಂದ ಊಹಿಸಿ ತುಂಬುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ: ಬಣ್ಣದ ಮೇಲಿನ ಬಿರುಕಿನ ಬಲೆ ಮುಖದ ಮೇಲೆ ಮಾತ್ರ ಮಾಯವಾಗಿರುತ್ತದೆ, ಎರಡು ಕಣ್ಣಲ್ಲೂ ಒಂದೇ ಅಳತೆಯ ಹೊಳಪು, ಮುತ್ತಿನ ಸರದ ಮಣಿಗಳು ಒಂದಕ್ಕೊಂದು ಕರಗಿರುತ್ತವೆ, ಹುಲಿಪಟ್ಟೆಯ ವಿನ್ಯಾಸ ಬರಿಯ ಗೆರೆಯಾಗುತ್ತದೆ. ಅದನ್ನು ಅಚ್ಚು ಹಾಕಿದರೆ 1790ರ ಚಿತ್ರ ಹಾಕಿದಂತಾಗುವುದಿಲ್ಲ.

ಅದರ ಬದಲು ಚಿಕ್ಕದಾಗಿ ಹಾಕಿ. ಅಂಗುಲಕ್ಕೆ 300 ಪಿಕ್ಸೆಲ್ ಸಾಂದ್ರತೆಯಲ್ಲಿ 700 ಪಿಕ್ಸೆಲ್ ಎಂದರೆ 2.3 ಅಂಗುಲ, ಸುಮಾರು 6 ಸೆಂ.ಮೀ. ಪಠ್ಯದ ಪಕ್ಕ ಒಂದು ಅಂಕಣಕ್ಕೆ ಸಾಕು. ಅಂಚಿನಾಚೆಗೂ 3 ಮಿ.ಮೀ. ಬಿಟ್ಟು ಪೂರ್ತಿ ಪುಟ ತುಂಬಿಸುವುದಾದರೆ ಡೆಮಿ 1/8ಕ್ಕೆ 1724×2610 ಪಿಕ್ಸೆಲ್ ಬೇಕು. 4×5 ಅಂಗುಲಕ್ಕೆ 1200×1500. ಇನ್ನೊಂದು ದಾರಿ: ಹಲವು ಗ್ರಂಥಾಲಯ, ಮ್ಯೂಸಿಯಂಗಳು ಐಐಐಎಫ್ ಎಂಬ ಪದ್ಧತಿಯಲ್ಲಿ ಚಿತ್ರ ಒದಗಿಸುತ್ತವೆ. ಪುಟದಲ್ಲಿ ಆ ಗುರುತು ಇದ್ದರೆ, ಚಿತ್ರದ ವಿಳಾಸದಲ್ಲಿ ಅಳತೆ ಸೂಚಿಸುವ ಜಾಗದಲ್ಲಿ "max" ಎಂದು ಕೊಟ್ಟರೆ ಆ ಸಂಸ್ಥೆ ಬಿಟ್ಟಿರುವ ಅತಿ ದೊಡ್ಡ ಅಳತೆ ಬರುತ್ತದೆ. ಹುಡುಕುಯಂತ್ರದಲ್ಲಿ ಸಿಗುವುದು ಬಹಳ ಸಲ ಅದರ ಮರಿ ಪ್ರತಿ.

ಹಳೆಯ ಪುಸ್ತಕದಿಂದ ಸ್ಕ್ಯಾನ್ ಮಾಡಿದ ಪ್ರತಿಯಾದರೆ ಭೂತಗನ್ನಡಿಯಲ್ಲಿ ನೋಡಿ, ಚುಕ್ಕೆಗಳು ಕಾಣುತ್ತವೆ. ಅದರ ಮೇಲೆ ನಿಮ್ಮ ಆಫ್‌ಸೆಟ್ಟಿನ ಚುಕ್ಕೆ ಬಿದ್ದರೆ ಅಲೆಅಲೆಯ ಜಾಲ ಏಳುತ್ತದೆ. ಡಿಸ್ಕ್ರೀನ್ ಮಾಡಿದರೆ, ಅಂದರೆ ಚುಕ್ಕೆಗಳನ್ನು ಮಸುಕಾಗಿಸಿದರೆ, ಜಾಲ ಹೋಗುತ್ತದೆ, ಜೊತೆಗೆ ರೆಪ್ಪೆ, ಮೀಸೆಯ ಗೆರೆಯೂ ಹೋಗುತ್ತದೆ. ಗೆರೆ ಕೆತ್ತನೆಗಳನ್ನು ಮೂಲ ಹಾಳೆಯಿಂದಲೇ 1200ರಲ್ಲಿ ಬರಿ ಕಪ್ಪು–ಬಿಳುಪಾಗಿ ಸ್ಕ್ಯಾನ್ ಮಾಡಿಸಿದರೆ ಈ ರಗಳೆ ಇಲ್ಲ.

ಸೆಕ್ಷನ್22

ಪ್ರಕಾಶಕರ ಒತ್ತಾಯದ ಬಗ್ಗೆ. ಇಲ್ಲಿ ಲೆಕ್ಕ ಪೂರ್ತಿ ತಿರುವುಮುರುವು. ವ್ಯಕ್ತಿ ಹಳಬರು, ಚಿತ್ರ ಹೊಸದು. ಚೆನ್ನಮ್ಮನವರನ್ನು ಕೂರಿಸಿಕೊಂಡು ಬರೆದ ಚಿತ್ರ ಉಳಿದಿಲ್ಲ. ನಾವು ನೋಡುವುದೆಲ್ಲ 20ನೇ ಶತಮಾನದ ಕಲಾವಿದರು, ಶಿಲ್ಪಿಗಳು ಕಲ್ಪಿಸಿದ್ದು. ಕೆಂಪೇಗೌಡರಿಗೆ ಶಿವಗಂಗೆಯ ಗಂಗಾಧರೇಶ್ವರ ದೇಗುಲದಲ್ಲಿ ಲೋಹದ ಪ್ರತಿಮೆ ಇದೆ, ಆದರೆ ಪೇಟ ಕಟ್ಟಿ ಕತ್ತಿ ಹಿಡಿದ ಬಣ್ಣದ ಚಿತ್ರಗಳು ಅದರ ನಕಲಲ್ಲ. ಅವುಗಳಿಗೆ ಕಲಾವಿದನ ಆಯುಸ್ಸು ಮತ್ತು 60 ವರ್ಷ ಪೂರ್ತಿ ಅನ್ವಯಿಸುತ್ತದೆ. ಅಂದಾಜಿಗೆ ಹೇಳುವುದಾದರೆ, ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ, ಅವರ ಕೃತಿಗಳ ಅವಧಿ 2025ರ ಡಿಸೆಂಬರ್ 31ಕ್ಕೆ ಕೊನೆ. ಕ್ಯಾಲೆಂಡರ್ ಚಿತ್ರಗಳಿಂದ ಮನೆಮಾತಾದ ಕಲಬುರಗಿಯ ಎಸ್. ಎಂ. ಪಂಡಿತರು 1993ರಲ್ಲಿ ತೀರಿಕೊಂಡರು, ಅವರದು 2053ರವರೆಗೆ. ಕ್ಯಾಲೆಂಡರ್ ಚಿತ್ರದಲ್ಲಿ ಕಲಾವಿದನ ಹೆಸರಿಲ್ಲ ಎಂಬ ಮಾತ್ರಕ್ಕೆ ಅದು ಅನಾಥವಲ್ಲ. ಕೆಳಮೂಲೆಯ ಸಹಿಯನ್ನು ಬಹಳ ಸಲ ಕತ್ತರಿಸಿರುತ್ತಾರೆ, ದೊಡ್ಡ ಪ್ರತಿ ಹುಡುಕಿ ನೋಡಿ.

20ನೇ ಶತಮಾನದ ಫೋಟೊ ಬಳಸುವವರಿಗೂ ಒಂದು ಮಾತು. 2012ರ ಜೂನ್ 21ಕ್ಕೆ ಮುಂಚೆ ಫೋಟೊಗೆ ಪ್ರಕಟವಾದಲ್ಲಿಂದ 60 ವರ್ಷ ಎಂಬ ಬೇರೆ ನಿಯಮವಿತ್ತು. ತಿದ್ದುಪಡಿ ಅದನ್ನು ತೆಗೆದು, ಫೋಟೊಗ್ರಾಫರರ ಆಯುಸ್ಸು ಮತ್ತು 60 ವರ್ಷ ಮಾಡಿತು. ಹಳೆಯ ನಿಯಮದಲ್ಲಿ 2011ರ ಕೊನೆಗೇ ಮುಗಿದದ್ದು, ಎಂದರೆ 1951ರೊಳಗೆ ಪ್ರಕಟವಾದದ್ದು, ಮತ್ತೆ ಜೀವ ಪಡೆಯುವುದಿಲ್ಲ. ಅದರಾಚೆಗಿನದಕ್ಕೆ ಫೋಟೊಗ್ರಾಫರರ ಹೆಸರು ಹುಡುಕಲೇಬೇಕು.

ಗಂಜಾಂ

ಕೆಂಪೇಗೌಡ ನಿಮ್ಮ ಪುಸ್ತಕದ ಕಾಲಕ್ಕೆ, ಚೆನ್ನಮ್ಮ ಅದರ ಜಾಗಕ್ಕೆ ಹೊರಗಿನವರು. ಅದೊಂದೇ ಕಾರಣ ಸಾಕು, ಪ್ರಕಾಶಕರಿಗೆ ಹೇಳಿ.

ಚಿತ್ರದ ಅಡಿಬರಹ ಹೀಗಿರಲಿ: "ಮೈಸೂರಿನ ದಿವಾನ ಪೂರ್ಣಯ್ಯ. ಥಾಮಸ್ ಹಿಕಿ (1741–1824), ಸು. 1801. ಕ್ಯಾನ್‌ವಾಸಿನ ಮೇಲೆ ತೈಲವರ್ಣ. ಯೇಲ್ ಸೆಂಟರ್ ಫಾರ್ ಬ್ರಿಟಿಷ್ ಆರ್ಟ್, ಪಾಲ್ ಮೆಲ್ಲನ್ ಸಂಗ್ರಹ." ಅದರ ಮುಂದೆ ಮ್ಯೂಸಿಯಂ ಕೊಟ್ಟಿರುವ ದಾಖಲೆ ಸಂಖ್ಯೆ. ಕತ್ತರಿಸಿ ಹಾಕಿದ್ದರೆ "ವಿವರ" ಎಂಬ ಒಂದು ಪದ ಸೇರಿಸಿ. "ರಚನೆ", "ರಚನೆ ಎನ್ನಲಾದದ್ದು", "ಮೂಲವನ್ನು ಅನುಸರಿಸಿದ ಕೆತ್ತನೆ" ಈ ಮೂರನ್ನು ಕಲಸಬೇಡಿ. ಚೆರಿಯ ಚಿತ್ರದಿಂದ ಮಾಡಿದ ಕೆತ್ತನೆಯನ್ನು ಬಳಸಿದರೆ ಕೆತ್ತನೆಗಾರನ ಹೆಸರು, ಕೆತ್ತಿದ ಇಸವಿಯೂ ಬೇಕು. ಹಾಳೆಯ ಕೆಳಗೆ ಎಡಗಡೆ ಸಾಮಾನ್ಯವಾಗಿ ಮೂಲ ಕಲಾವಿದ, ಬಲಗಡೆ ಕೆತ್ತಿದವನು ಇರುತ್ತಾರೆ.

ತಾಳೆನೋಟ

ಸೇರಿಸಬೇಕಾದ ಒಂದು ವಿಷಯ. ಫೈಲ್ ಇಳಿಸಿಕೊಂಡ ದಿನವೇ ಆ ಪುಟವನ್ನು, ಹಕ್ಕಿನ ಸಾಲು ಕಾಣುವಂತೆ, ದಿನಾಂಕದ ಸಮೇತ ಪಿಡಿಎಫ್ ಮಾಡಿಟ್ಟುಕೊಳ್ಳಿ. ಸಂಸ್ಥೆಗಳು ಷರತ್ತು ಬದಲಿಸುತ್ತಲೇ ಇರುತ್ತವೆ. ಕಾಮನ್ಸಿನಲ್ಲಂತೂ ಯಾರೋ ಒಂದು ಫೈಲಿನ ಮೇಲೆಯೇ ಇನ್ನೊಂದು ಪ್ರತಿ ಏರಿಸಿರುತ್ತಾರೆ. ಪುಟದ ಕೆಳಗಿನ ಫೈಲ್ ಇತಿಹಾಸ ತೆರೆದು, ಹೊಳಪು ಹೆಚ್ಚಿಸದ ಮೊದಲ ಪ್ರತಿಯನ್ನು ಹುಡುಕಿ ತೆಗೆದುಕೊಳ್ಳಬಹುದು.

ಬಣ್ಣದಪಟ್ಟಿ

ಅಚ್ಚಿಗೆ ಕೊಡುವಾಗ: ಪರದೆಯ ಆರ್‌ಜಿಬಿಯಿಂದ ಅಚ್ಚಿನ ನಾಲ್ಕು ಶಾಯಿಯ ಸಿಎಂವೈಕೆಗೆ ಹೋಗಲು "ಕನ್ವರ್ಟ್" ಬಳಸಿ, "ಅಸೈನ್" ಅಲ್ಲ. ಅಸೈನ್ ಅಂಕಿಗಳನ್ನು ಹಾಗೇ ಬಿಟ್ಟು ಅರ್ಥ ಬದಲಿಸುತ್ತದೆ. ಹಿಕಿಯ ಚಿತ್ರಗಳಂಥ ಕಪ್ಪು ಹಿನ್ನೆಲೆಯಲ್ಲಿ ನಾಲ್ಕೂ ಶಾಯಿಯ ಮೊತ್ತ 300 ಶೇಕಡಾ ದಾಟದಂತೆ ನೋಡಿಕೊಳ್ಳಿ. ದಾಟಿದರೆ ಆರ್ಟ್ ಪೇಪರಿನಲ್ಲಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ, ಕತ್ತಲಲ್ಲಿರುವ ಬಟ್ಟೆಯ ಮಡಿಕೆಗಳೂ ಮುಚ್ಚಿಹೋಗುತ್ತವೆ. ಪ್ರೆಸ್ಸಿನವರ ಪ್ರೊಫೈಲ್ ಕೇಳಿ ಪಡೆಯಿರಿ, ಕೊಡದಿದ್ದರೆ ಕೋಟೆಡ್ ಕಾಗದಕ್ಕೆ ಫೋಗ್ರಾ 39 ಎಂಬ ಸಿದ್ಧ ಪ್ರೊಫೈಲ್. ಮತ್ತು ಪ್ರೂಫನ್ನು ಪ್ರೆಸ್ಸಿನ ಟ್ಯೂಬ್‌ಲೈಟಿನ ಕೆಳಗೆ ನೋಡಿ ಸಹಿ ಹಾಕಬೇಡಿ. 5000 ಕೆಲ್ವಿನ್ ದೀಪದ ಪೆಟ್ಟಿಗೆ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬೆಳಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ನೇರ ಬಿಸಿಲು ಬೀಳದ ಕಿಟಕಿಯ ಬಳಿ ನೋಡಿ.